ಮದುವೆ ವಿಡಿಯೋ ಚೆನ್ನಾಗಿ ಬರಬೇಕಾದರೆ ಗಂಡು-ಹೆಣ್ಣು ಏನು ಮಾಡಬಹುದು?

ಫೆಬ್ರವರಿಯಲ್ಲಿ ಹಾಸನದ ಚೌಲ್ಟ್ರಿಯಲ್ಲಿ ಮದುವೆ, ವಿಡಿಯೋದವರಿಗೆ ಅಡ್ವಾನ್ಸ್ ಕೊಟ್ಟಾಗಿದೆ, ಅಕ್ಕನ ಮದುವೆ ವಿಡಿಯೋದಲ್ಲಿ ತಾಳಿ ಕಟ್ಟಿದ್ದೇ ಕಾಣುವುದಿಲ್ಲ, ನಮ್ಮದೂ ಹಾಗಾಗದಂತೆ ನಾವೇನು ಮಾಡಬಹುದು ಅಂತ ಕೇಳಿದ್ದೀರಿ. ನಾನು ತುಮಕೂರು ಕಡೆ ಮದುವೆ ವಿಡಿಯೋ ಮಾಡುವವನು, ಹಾಗಾಗಿ ಕ್ಯಾಮೆರಾ ಹಿಂದೆ ನಿಂತವನ ಕಡೆಯಿಂದ ಹೇಳುತ್ತೇನೆ.

ಇನ್ನೊಂದು ಕ್ಯಾಮೆರಾಕ್ಕೋ ಡ್ರೋನ್‌ಗೋ ಜಾಸ್ತಿ ದುಡ್ಡು ಹಾಕುವ ಯೋಚನೆ ಇದ್ದರೆ ಸದ್ಯಕ್ಕೆ ಬಿಡಿ. ತಾಳಿ ಕಾಣದೆ ಹೋಗುವುದು ಕ್ಯಾಮೆರಾ ಕಡಿಮೆ ಇದ್ದದ್ದಕ್ಕಲ್ಲ. ಎದುರಿಗೆ ಜನ ನಿಂತದ್ದಕ್ಕೆ.

ಆ ಹೊತ್ತಲ್ಲಿ ಏನಾಗುತ್ತದೆ ನೋಡಿ. ಪುರೋಹಿತರು ಗಟ್ಟಿಮೇಳ ಅನ್ನುತ್ತಾರೆ, ಓಲಗದವರು ಜೋರು ಮಾಡುತ್ತಾರೆ. ಅಲ್ಲಿಯವರೆಗೆ ಕುರ್ಚಿಯಲ್ಲಿ ಹರಟೆ ಹೊಡೆಯುತ್ತಿದ್ದವರೆಲ್ಲ ಅಕ್ಷತೆ ಹಿಡಿದು ಎದ್ದು ಬರುತ್ತಾರೆ. ಸ್ಟೇಜ್ ಮೇಲಿದ್ದವರು ಎರಡು ಹೆಜ್ಜೆ ಮುಂದೆ ಬಂದು ಮೊಬೈಲ್ ಎತ್ತುತ್ತಾರೆ. ಹೆಣ್ಣಿನ ಜಡೆ, ಹಾರ ಸರಿಸಲು ಇಬ್ಬರು ಬಾಗುತ್ತಾರೆ. ಗಂಡಿಗೆ ಗಡಿಬಿಡಿ, ಹತ್ತು ಸೆಕೆಂಡಿನಲ್ಲಿ ಮೂರು ಗಂಟು ಮುಗಿಸಿಬಿಡುತ್ತಾನೆ. ನಮಗೆ ಸಿಗುವುದು ಯಾರದೋ ಬೆನ್ನು, ಯಾರದೋ ಮೊಬೈಲಿನ ಸ್ಕ್ರೀನ್.

ಇದನ್ನು ತಪ್ಪಿಸಲು ಹಿಂದಿನ ದಿನ ಸಂಜೆ, ವರಪೂಜೆಗೆ ಬಂದಾಗಲೇ, ಪುರೋಹಿತರನ್ನೂ ವಿಡಿಯೋದವರನ್ನೂ ಹಸೆಮಣೆ ಹತ್ತಿರ ನಿಲ್ಲಿಸಿ ಐದು ನಿಮಿಷ ಮಾತಾಡಿಸಿ. ಯಾವ ದಿಕ್ಕಿಗೆ ಕೂರಿಸುತ್ತೀರಿ, ತಾಳಿ ಕಟ್ಟುವಾಗ ನೀವೆಲ್ಲಿ ಇರುತ್ತೀರಿ, ಯಾವ ಬದಿ ಖಾಲಿ ಬಿಡಬಹುದು ಅಂತ ಕೇಳಿ. ನಾನು ಕಂಡಂತೆ ಹೆಚ್ಚಿನ ಪುರೋಹಿತರು ಇದಕ್ಕೆ ಖುಷಿಯಿಂದ ಒಪ್ಪುತ್ತಾರೆ. ಅವರ ಸಿಟ್ಟೆಲ್ಲ ಮಂತ್ರದ ಮಧ್ಯೆ ‘ಸ್ವಾಮಿ, ಸ್ವಲ್ಪ ಪಕ್ಕಕ್ಕೆ’ ಅಂದಾಗ ಮಾತ್ರ. ಅಂತರಪಟ ಹಿಡಿಯುವವರಿಗೂ ಒಂದು ಮಾತು ಹೇಳಿ, ಸರಿಸುವಾಗ ಬಟ್ಟೆಯನ್ನು ಕ್ಯಾಮೆರಾ ಕಡೆ ಎಳೆಯದೆ ಕೆಳಕ್ಕೆ ಇಳಿಸಲಿ. ಜೀರಿಗೆ ಬೆಲ್ಲ ಹಾಕುವ ಕ್ಷಣದಲ್ಲಿ ಇಬ್ಬರ ಮುಖ ಸಿಗುವುದು ಆಗಲೇ.

ಜನರನ್ನು ತಡೆಯುವ ಕೆಲಸ ವಿಡಿಯೋದವನಿಗೆ ಬಿಡಬೇಡಿ. ನಾನು ‘ಸ್ವಲ್ಪ ಸರೀರಿ’ ಅಂದರೆ ಬೀಗರಿಗೆ ಬೇಜಾರು. ಅದೇ ಮಾತನ್ನು ಸೋದರಮಾವ ಅಂದರೆ ನಗುತ್ತಾ ಸರಿಯುತ್ತಾರೆ. ಎರಡೂ ಕಡೆಯಿಂದ ಒಬ್ಬೊಬ್ಬ ಗಟ್ಟಿ ದನಿಯವರನ್ನು ಇದಕ್ಕೇ ನೇಮಿಸಿ. ಮೊಬೈಲ್ ತರಬೇಡಿ ಅಂತ ಬೋರ್ಡ್ ಹಾಕುವುದೆಲ್ಲ ನಮ್ಮ ಕಡೆ ನಡೆಯಲ್ಲ, ಸುಮ್ನೆ ಮನಸ್ತಾಪ. ಬದಲಿಗೆ, ಒಬ್ಬ ತಮ್ಮನೋ ತಂಗಿಯೋ ಕ್ಯಾಮೆರಾ ಪಕ್ಕದಲ್ಲೇ ನಿಂತು ಮೊಬೈಲಲ್ಲಿ ತೆಗೆದು ಕೂಡಲೇ ಗ್ರೂಪಿಗೆ ಹಾಕುತ್ತಾರೆ ಅಂತ ಮೊದಲೇ ಎಲ್ಲರಿಗೂ ಹೇಳಿಬಿಡಿ. ಮತ್ತೆ, ಗಂಟು ನಿಧಾನವಾಗಿ ಹಾಕಿ. ಮುಹೂರ್ತ ಅಷ್ಟರಲ್ಲಿ ಮೀರಿಹೋಗುವುದಿಲ್ಲ.

ಇನ್ನು ಬೆಳಕು. ಇದು ಡೆಕೊರೇಷನ್‌ನವರ ಕೈಯಲ್ಲಿದೆ, ವಿಡಿಯೋದವರ ಕೈಯಲ್ಲಲ್ಲ. ಸ್ಟೇಜಿಗೆ ಗುಲಾಬಿ, ನೀಲಿ ಎಲ್‌ಇಡಿ ಬಿಟ್ಟರೆ ನೀವು ಎಷ್ಟೇ ಒಳ್ಳೆ ಮೇಕಪ್ ಮಾಡಿಸಿಕೊಂಡಿದ್ದರೂ ಮುಖ ನೇರಳೆಯಾಗುತ್ತದೆ. ಎಡಿಟಿಂಗ್‌ನಲ್ಲಿ ಸರಿಮಾಡೋಣ ಅನ್ನುತ್ತಾರೆ, ಅದು ಪೂರ್ತಿ ಸರಿಹೋಗುವುದಿಲ್ಲ. ಬಣ್ಣವೆಲ್ಲ ಹಿಂದಿನ ಗೋಡೆಗೆ ಇರಲಿ, ಮುಖದ ಮೇಲೆ ಒಂದೇ ಬಗೆಯ ಬಿಳಿ ಬೆಳಕು ಇರಲಿ ಅಂತ ಖಡಾಖಂಡಿತ ಹೇಳಿ. ಅಗ್ಗದ ಎಲ್‌ಇಡಿ ದೀಪಗಳು ನಮ್ಮ 50 ಹರ್ಟ್ಸ್ ಕರೆಂಟಿಗೆ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣಲ್ಲ, ವಿಡಿಯೋದಲ್ಲಿ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಕ್ಯಾಮೆರಾದ ಶಟರ್ ಅನ್ನು, ಅಂದರೆ ಒಂದೊಂದು ಚಿತ್ರಕ್ಕೆ ಬೆಳಕು ಬೀಳುವ ಹೊತ್ತನ್ನು, ಸೆಕೆಂಡಿನ 1/50 ಅಥವಾ 1/100ಕ್ಕೆ ಇಟ್ಟರೆ ಬಹುಮಟ್ಟಿಗೆ ಹೋಗುತ್ತದೆ. ಆದರೆ ಹಿಂದೆ ಎಲ್‌ಇಡಿ ಪರದೆ ಇದ್ದರೆ ಅದರ ಲೆಕ್ಕ ಬೇರೆ. ಅದಕ್ಕೇ ಹಿಂದಿನ ರಾತ್ರಿ ಎಲ್ಲ ಲೈಟ್ ಹಾಕಿಸಿ ವಿಡಿಯೋದವರಿಂದ ಒಂದು ನಿಮಿಷ ಟೆಸ್ಟ್ ಮಾಡಿಸಿ.

ಶಬ್ದದ ಬಗ್ಗೆ ಯಾರೂ ಕೇಳುವುದೇ ಇಲ್ಲ. ನನ್ನ ಪ್ರಕಾರ ಚಿತ್ರಕ್ಕಿಂತ ಇದೇ ದೊಡ್ಡದು. ‘ಆಡಿಯೋ ಬೇರೆ ರೆಕಾರ್ಡ್ ಮಾಡ್ತೀರಾ?’ ಅಂತ ಕೇಳಿ. ಗಂಡಿನ ಶಲ್ಯಕ್ಕೆ ಒಂದು ಕಾಲರ್ ಮೈಕ್ ಸಿಕ್ಕಿಸಿದರೆ ಪುರೋಹಿತರು ಹೇಳಿಸುವುದು, ನೀವಿಬ್ಬರು ಪಿಸುಗುಟ್ಟುವುದು, ಎಲ್ಲ ಸಿಗುತ್ತದೆ. (ಮೈಕ್ ಇದೆ ಅನ್ನುವುದನ್ನು ಮಾತ್ರ ಮರೆಯಬೇಡಿ. ನಾನು ಕೇಳಬಾರದ್ದೆಲ್ಲ ಕೇಳಿದ್ದೇನೆ.) ಪಕ್ಕದಲ್ಲಿ ಸ್ಟ್ಯಾಂಡ್ ಫ್ಯಾನ್ ಇದ್ದರೆ ದೂರ ಇಡಿಸಿ, ಅದರ ಗಾಳಿ ಮೈಕಿಗೆ ಬಡಿಯುತ್ತದೆ. ಮನೆಯಲ್ಲಿ ಅಜ್ಜಿಯೋ ದೊಡ್ಡಮ್ಮನೋ ಸೋಬಾನೆ ಹಾಡುವವರಿದ್ದರೆ ವಿಡಿಯೋದವರಿಗೆ ಮುಂಚೆಯೇ ತಿಳಿಸಿ. ಅವರು ಹಾಡುವಾಗ ಓಲಗ, ಸ್ಪೀಕರ್ ಎರಡನ್ನೂ ಐದು ನಿಮಿಷ ನಿಲ್ಲಿಸಿ. ಮದುವೆ ಗಲಾಟೆಯಲ್ಲಿ ಆ ಹಾಡು ಮೂಲೆಯಲ್ಲಿ ಯಾರಿಗೂ ಕೇಳದೆ ಮುಗಿದುಹೋಗುತ್ತದೆ, ಸಿನಿಮಾ ಹಾಡು ಮಾತ್ರ ಹೊಡೆದುಕೊಳ್ಳುತ್ತಿರುತ್ತದೆ.

ಸಿನಿಮಾ ಹಾಡು ಅಂದಕೂಡಲೇ ನೆನಪಾಯಿತು. ಹೈಲೈಟ್ಸ್‌ಗೆ, ಅಂದರೆ ಮದುವೆಯ ಚಿಕ್ಕ ವಿಡಿಯೋಗೆ, ಅದನ್ನೇ ಹಾಕಿಸಿದರೆ ಯೂಟ್ಯೂಬ್, ಇನ್‌ಸ್ಟಾಗ್ರಾಂನಲ್ಲಿ ಹಾಕಿದಾಗ ಕಾಪಿರೈಟ್ ತಕರಾರು ಬಂದು ಶಬ್ದವೇ ಹೋಗಬಹುದು. ಎಲ್ಲಿ ಹಾಕುತ್ತೀರಿ ಅಂತ ಮೊದಲೇ ಹೇಳಿ.

ನೀವಿಬ್ಬರೇ ಇರುವ ಸೀನ್ ಬೇಕಾದರೆ ಆರತಕ್ಷತೆಗೆ ಮುಂಚೆ ಅರ್ಧ ಗಂಟೆ ಎತ್ತಿಡಿ. ಸ್ಟೇಜ್ ಹತ್ತಿ ಸಾಲು ಶುರುವಾದ ಮೇಲೆ ಊಟದ ಹೊತ್ತಿನವರೆಗೆ ನೀವು ಕೈಗೆ ಸಿಗಲ್ಲ. ಫೆಬ್ರವರಿಯಲ್ಲಿ ಸೂರ್ಯ ಮುಳುಗುವುದು ಸುಮಾರು ಆರೂವರೆಗೆ. ಐದೂವರೆಗೆ ರೆಡಿ ಇದ್ದರೆ ಒಳ್ಳೆ ಬೆಳಕು. ಮೇಕಪ್‌ನವರಿಗೆ ಐದು ಗಂಟೆ ಅಂತಲೇ ಹೇಳಿ, ಆಗ ಐದೂವರೆಗೆ ಬಿಡುತ್ತಾರೆ.

ಯಾರ್‍ಯಾರು ವಿಡಿಯೋದಲ್ಲಿ ಇರಲೇಬೇಕು ಅನ್ನುವ ಪಟ್ಟಿ ಕೊಡಿ, ಆದರೆ ಪಟ್ಟಿ ಒಂದೇ ಸಾಲದು. ನಿಮ್ಮ ಚಿಕ್ಕಪ್ಪ ಯಾರು ಅಂತ ನಮಗೇನು ಗೊತ್ತು? ಕೈ ತೋರಿಸಲು ಒಬ್ಬರು ಜೊತೆಗಿರಲಿ. ಮತ್ತೆ ವಿಡಿಯೋದವರಿಗೆ ಹೊತ್ತಿಗೆ ತಿಂಡಿ ಹಾಕಿಸಿ, ದಯವಿಟ್ಟು. ಬೆಳಿಗ್ಗೆ ನಾಲ್ಕಕ್ಕೆ ಎದ್ದವರು ಕೊನೆಯ ಪಂಕ್ತಿಯವರೆಗೆ ಖಾಲಿ ಹೊಟ್ಟೆಯಲ್ಲಿರುತ್ತಾರೆ.

ಪೂರ್ತಿ ಫೂಟೇಜ್ (ಎಡಿಟ್ ಮಾಡದ ಮೂಲ ವಿಡಿಯೋ) ಬೇಕು ಅಂತಿದ್ದರೆ ಈಗಲೇ ಮಾತಾಡಿ, ಯಾಕಂದರೆ ಕೆಲಸ ಮುಗಿದು ಸ್ವಲ್ಪ ಕಾಲವಾದ ಮೇಲೆ ಸ್ಟುಡಿಯೋದವರು ಅಳಿಸಿಬಿಡುತ್ತಾರೆ. 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) 4ಕೆ ವಿಡಿಯೋ ತೆಗೆದರೆ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ ಆರು ಗಂಟೆ ಓಡಿದರೆ 540 ಜಿಬಿ. ಒಂದು ಟಿಬಿಯ ಹಾರ್ಡ್ ಡಿಸ್ಕ್ ನೀವೇ ತೆಗೆದುಕೊಟ್ಟುಬಿಡಿ. ವಿಡಿಯೋ ಕೈಗೆ ಬಂದಾಗ ಎರಡೂ ಮನೆಯವರು ಕೂತು ನೋಡಿ, ತಿದ್ದುಪಡಿಯನ್ನೆಲ್ಲ ನಿಮಿಷ-ಸೆಕೆಂಡ್ ಸಮೇತ ಬರೆದು ಒಂದೇ ಸಲಕ್ಕೆ ಕಳಿಸಿ. ದಿನಕ್ಕೊಂದು ವಾಟ್ಸಾಪ್ ಮೆಸೇಜ್ ಹಾಕುತ್ತಾ ಹೋದರೆ ನಿಮ್ಮ ಕೆಲಸ ಮುಂದಿನ ಮದುವೆ ಸೀಸನ್‌ಗೆ ಹೋಗುತ್ತದೆ.