ಓದುಗರ ಪ್ರಶ್ನೆ, ಪ್ರವಾಸಿಯ ಉತ್ತರ: ಜಪಾನಿನ ಬೆಟ್ಟದೂರುಗಳಿಗೆ ಹದಿನಾಲ್ಕು ಮಂದಿ, ಒಂದು ಬಸ್ಸು

ಪ್ರಶ್ನೆ: ಶಿರಸಿ ಸುತ್ತಿನ ನಾಲ್ಕು ಮನೆಗಳ ಹದಿನಾಲ್ಕು ಮಂದಿ ಮುಂದಿನ ಅಕ್ಟೋಬರ್‌ನಲ್ಲಿ ಜಪಾನಿಗೆ ಹೊರಡುವವರಿದ್ದೇವೆ. ದೊಡ್ಡ ಪಟ್ಟಣಗಳಿಗಿಂತ ಅಲ್ಲಿಯ ಹಳ್ಳಿ, ಬೆಟ್ಟ, ಹಳೆಯ ಮನೆಗಳನ್ನು ನೋಡುವ ಆಸೆ ನಮ್ಮದು. ಟೆಂಪೊ ಟ್ರಾವೆಲರ್ ಮಾಡಿಕೊಂಡು ಕಾಶಿಗೂ ರಾಮೇಶ್ವರಕ್ಕೂ ಹೋಗಿ ಬಂದ ರೂಢಿ ನಮಗಿದೆ. ಅದೇ ರೀತಿ ವಿಮಾನ ನಿಲ್ದಾಣದಿಂದಲೇ ಒಂದು ಸಣ್ಣ ಬಸ್ಸನ್ನು ಗೊತ್ತುಮಾಡಿಕೊಂಡು ಹತ್ತು ದಿನವೂ ಅದರಲ್ಲೇ ತಿರುಗಬಹುದೇ? ನಾಲ್ವರು ಎಪ್ಪತ್ತು ದಾಟಿದವರು. ಎಲ್ಲರೂ ಸಸ್ಯಾಹಾರಿಗಳು, ಇಬ್ಬರಿಗೆ ಈರುಳ್ಳಿ, ಬೆಳ್ಳುಳ್ಳಿಯೂ ಆಗದು.
— ನಿವೃತ್ತ ಶಿಕ್ಷಕಿ, ಶಿರಸಿ

ಉತ್ತರ: ಅಕ್ಕೋರೇ, ಬಸ್ಸು ಖಂಡಿತ ಸಿಗುತ್ತದೆ, ಆದರೆ ಹತ್ತು ದಿನವೂ ಅದನ್ನು ಇಟ್ಟುಕೊಳ್ಳಬೇಡಿ ಎಂಬುದೇ ನನ್ನ ಮೊದಲ ಮಾತು. ಜಪಾನಿನಲ್ಲಿ ಬಯಲು ರೈಲಿನದು, ಬೆಟ್ಟ ಬಸ್ಸಿನದು. ಕ್ಯೋಟೊದಿಂದ ನಾಗೋಯಾಕ್ಕೆ ಶಿಂಕಾನ್‌ಸೆನ್ ಬುಲೆಟ್ ರೈಲು ಮುಕ್ಕಾಲು ಗಂಟೆಯೊಳಗೆ ಮುಟ್ಟಿಸುವಾಗ ಅದೇ ದಾರಿಯನ್ನು ಹೆದ್ದಾರಿಯ ಗೋಡೆಗಳ ನಡುವೆ ಬಸ್ಸಿನಲ್ಲಿ ಕುಳಿತು ಸವೆಸುವುದರಿಂದ ಹಣವೂ ಹೋಗುತ್ತದೆ, ಹಿರಿಯರ ಸೊಂಟವೂ ಹೋಗುತ್ತದೆ. ಬಸ್ಸು ಬೇಕಾಗುವುದು ರೈಲು ಮುಟ್ಟದ ಕಣಿವೆಗಳಿಗೆ. ಆದ್ದರಿಂದ ಒಸಾಕಾ ಬಳಿಯ ಕನ್ಸಾಯ್ ನಿಲ್ದಾಣದಲ್ಲಿ ಇಳಿದು ಮಠಗಳ ಬೆಟ್ಟವಾದ ಕೋಯಾಸಾನ್ ಮತ್ತು ಕ್ಯೋಟೊಗಳನ್ನು ರೈಲಿನಲ್ಲಿ ಮುಗಿಸಿ, ನಾಗೋಯಾದಲ್ಲಿ ಬಸ್ಸು ಹತ್ತಿ, ಮೂರು ನಾಲ್ಕು ದಿನಗಳಲ್ಲಿ ಬೆಟ್ಟಗಳನ್ನು ದಾಟಿ, ಕನಜಾವಾದಲ್ಲಿ ಬಸ್ಸನ್ನು ಬಿಟ್ಟುಕೊಟ್ಟು, ಅಲ್ಲಿಂದ ಮತ್ತೆ ಶಿಂಕಾನ್‌ಸೆನ್ ಹಿಡಿದು ಟೋಕಿಯೊ ಸೇರುವುದು ನಿಮ್ಮಂಥ ಗುಂಪಿಗೆ ಒಪ್ಪುವ ದಾರಿ. ಜಪಾನ್ ರೈಲ್ವೆ (ಜೆಆರ್) ಕಂಪನಿಗಳ ರೈಲುಗಳಲ್ಲಿ ನಡೆಯುವ ಏಳು ದಿನಗಳ ಜಪಾನ್ ರೈಲು ಪಾಸಿನ ಬೆಲೆ 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಈ ದಾರಿಗೆ ಬಿಡಿ ಟಿಕೆಟ್ಟೇ ಸಾಕು.

ಬಸ್ಸಿನ ದಿನಗಳಲ್ಲಿ ಮೊದಲು ಸಿಗುವುದು ಕಿಸೊ ಕಣಿವೆ. ಹಳೆಯ ನಕಾಸೆಂಡೊ ಹೆದ್ದಾರಿಯ ತಂಗುದಾಣಗಳಾಗಿದ್ದ ಮಾಗೊಮೆ ಮತ್ತು ತ್ಸುಮಾಗೊ ಎಂಬ ಎರಡು ಊರುಗಳ ನಡುವೆ ಸುಮಾರು 8 ಕಿಲೋಮೀಟರ್ ಕಾಡುದಾರಿ ಇದೆ. ಸ್ವಂತ ಬಸ್ಸಿನ ನಿಜವಾದ ಉಪಯೋಗ ಕಾಣುವುದು ಇಲ್ಲೇ: ಕಾಲುಗಟ್ಟಿ ಇರುವವರು ಮಾಗೊಮೆಯಲ್ಲಿಳಿದು ನಡೆಯಬಹುದು, ಮಂಡಿನೋವಿನವರು ಬಸ್ಸಿನಲ್ಲೇ ಮುಂದೆ ಹೋಗಿ ತ್ಸುಮಾಗೊದಲ್ಲಿ ಚಹಾ ಕುಡಿಯುತ್ತ ಕಾಯಬಹುದು. ಅಲ್ಲಿಂದ ತಕಯಾಮಾಕ್ಕೆ ಹೋಗಿ ಎರಡು ರಾತ್ರಿ ಉಳಿಯಿರಿ. ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ: ಅಕ್ಟೋಬರ್ 9 ಮತ್ತು 10 ತಕಯಾಮಾದ ಶರತ್ಕಾಲದ ರಥೋತ್ಸವದ ದಿನಗಳು. ತೇರುಗಳನ್ನು ನೋಡಲೇಬೇಕೆಂದಿದ್ದರೆ ಬಹಳ ಮೊದಲೇ ಕೋಣೆ ಹಿಡಿಯಿರಿ, ಇಲ್ಲವಾದರೆ ತಿಂಗಳ ಕೊನೆಗೆ ಹೋಗಿ. ಬೆಟ್ಟದ ಎಲೆಗಳು ಕೆಂಪಾಗುವುದೂ ಆಗಲೇ.

ತಕಯಾಮಾದಿಂದ ಶಿರಕಾವಾಗೊಗೆ ಬಸ್ಸಿನಲ್ಲಿ ಐವತ್ತು ನಿಮಿಷ ಸಾಕು, ಏಕೆಂದರೆ 2008ರಲ್ಲಿ ತೆರೆದ ಹಿದಾ ಸುರಂಗ ಬೆಟ್ಟವನ್ನೇ ಕೊರೆದು ಹೋಗುತ್ತದೆ. ಅದರ ಉದ್ದ 10.7 ಕಿಲೋಮೀಟರ್, ನಮ್ಮ ಕೊಂಕಣ ರೈಲ್ವೆಯ ಅತಿ ಉದ್ದದ ಕರ್ಬುಡೆ ಸುರಂಗ ಆರೂವರೆ ಕಿಲೋಮೀಟರ್ ಎಂಬುದನ್ನು ನೆನೆದರೆ ಅಳತೆ ತಿಳಿದೀತು. ಬಸ್ಸು ಊರೊಳಗೆ ಹೋಗುವುದಿಲ್ಲ. ಹೊಳೆಯಾಚೆ ನಿಲ್ಲಿಸಿ, ಶೋಗಾವಾ ನದಿಯ ಮೇಲಿನ ತೂಗುಸೇತುವೆಯನ್ನು ನಡೆದು ದಾಟಿದಾಗ ಎದುರಿಗೆ ಕಾಣುವ ಮನೆಗಳು ಸೋಗೆಮನೆಗಳನ್ನು ಕಂಡು ಬೆಳೆದ ನಮ್ಮ ತಲೆಮಾರಿನವರನ್ನು ಅಲ್ಲೇ ನಿಲ್ಲಿಸಿಬಿಡುತ್ತವೆ. ಕೈಮುಗಿದ ಭಂಗಿಯಂತೆ ಕಡಿದಾಗಿ ಇಳಿಯುವ ದಪ್ಪ ಹುಲ್ಲಿನ ಮಾಡು. ಹಿಮ ನಿಲ್ಲದೆ ಜಾರಲೆಂದೇ ಆ ಇಳಿಜಾರು. ಮಾಡಿನ ಮರಗಳನ್ನು ಮೊಳೆ ಹೊಡೆಯದೆ ಹಗ್ಗದಿಂದ ಬಿಗಿದಿದ್ದಾರೆ. ಮೇಲಿನ ಅಟ್ಟಗಳಲ್ಲಿ ಹಿಂದೆ ರೇಷ್ಮೆಹುಳು ಸಾಕುತ್ತಿದ್ದರು. ಕೆಳಗೆ ನಡುಮನೆಯ ನೆಲದಲ್ಲೇ ತೋಡಿದ ಒಲೆ. ಅದರ ಹೊಗೆ ಅಟ್ಟದ ಸಂದಿಗಳಿಂದ ಮೇಲೇರಿ ಹುಲ್ಲು ಮತ್ತು ಹಗ್ಗಗಳಿಗೆ ಹುಳು ಬೀಳದಂತೆ ಕಾಯುತ್ತದೆ. ಒಂದು ಮನೆಯ ಅಟ್ಟಕ್ಕೆ ಹತ್ತಿ ಕಪ್ಪಾಗಿ ಹೊಳೆಯುತ್ತಿದ್ದ ತೊಲೆಯನ್ನು ಮುಟ್ಟಿದಾಗ ಬೆರಳಿಗೆ ಮಸಿ ಹತ್ತಲಿಲ್ಲ, ಆದರೆ ವಾಸನೆ ಮಾತ್ರ ನಮ್ಮ ಅಡುಗೆಮನೆಯ ಹೊಗೆಅಟ್ಟದ್ದೇ ಆಗಿತ್ತು. ಮಾಡಿಗೆ ಹೊಸ ಹುಲ್ಲು ಹೊದಿಸುವ ಕೆಲಸಕ್ಕೆ ಊರಿಗೆ ಊರೇ ಸೇರುವ ಪದ್ಧತಿಯನ್ನು ಅಲ್ಲಿ ‘ಯುಯಿ’ ಎನ್ನುತ್ತಾರೆ. ನಮ್ಮ ಮುಯ್ಯಾಳು ಅಲ್ಲದೆ ಅದು ಬೇರೇನೂ ಅಲ್ಲ. ನೆರೆಯ ಗೊಕಯಾಮಾದೊಡನೆ ಈ ಊರು 1995ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಬಂದವರಲ್ಲಿ ಹೆಚ್ಚಿನವರು ಶಿರಕಾವಾಗೊದಲ್ಲಿ ಒಂದು ಗಂಟೆ ತಿರುಗಿ ಹೊರಟುಬಿಡುತ್ತಾರೆ. ಬಸ್ಸು ನಿಮ್ಮದೇ ಆದುದರಿಂದ ಅರ್ಧ ದಿನ ಕೊಡಿ, ಗೊಕಯಾಮಾದಲ್ಲೂ ಇಳಿಯಿರಿ. ಅಲ್ಲಿ ಜನಜಂಗುಳಿ ಕಡಿಮೆ.

ಇನ್ನು ಚಾಲಕರ ವಿಚಾರ. ರಾತ್ರಿ ಊಟ ಮುಗಿಸಿ ಹೊರಟು ಬೆಳಗಾಗುವುದರೊಳಗೆ ಮುಂದಿನ ಕ್ಷೇತ್ರ ಮುಟ್ಟಿಸುವ ನಮ್ಮ ಕಡೆಯ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಸತತ ನಾಲ್ಕು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ಅಷ್ಟರೊಳಗೆ ಒಟ್ಟು ಮೂವತ್ತು ನಿಮಿಷ ವಿರಾಮ ಕೊಡಬೇಕು. 2024ರ ಏಪ್ರಿಲ್‌ನಿಂದ ಜಾರಿಯಾದ ನಿಯಮದಂತೆ ಒಂದು ದಿನದ ಕೆಲಸ ಮುಗಿದ ಮೇಲೆ ಮರುದಿನದ ಕೆಲಸಕ್ಕೆ ಮೊದಲು ಕನಿಷ್ಠ ಒಂಬತ್ತು ಗಂಟೆ ಬಿಡುವು ಬೇಕು. ನಾನು ಮೊದಲ ಸಲ ಹೋದಾಗ ದಿನಕ್ಕೆ ಐದು ಊರು ಎಂದು ಪಟ್ಟಿ ಬರೆದಿದ್ದೆ. ಸಂಜೆ ತಂಗುವ ಮನೆ ಇನ್ನು ಅರ್ಧ ಗಂಟೆ ಇದೆ ಎನ್ನುವಾಗ ಚಾಲಕರು ಬಸ್ಸನ್ನು ಹೆದ್ದಾರಿ ಬದಿಯ ತಂಗುದಾಣಕ್ಕೆ ತಿರುಗಿಸಿ ನಿಲ್ಲಿಸಿದರು. ನಮ್ಮವರು ಗೊಣಗಿದರು. ಅವರು ಏನೂ ಹೇಳದೆ ಬಿಳಿಯ ಕೈಗವಸು ಹಾಕಿಕೊಂಡೇ ಇಳಿದು, ಬಸ್ಸಿಗೆ ಒಂದು ಸುತ್ತು ಬಂದು, ನಾಲ್ಕೂ ಕಡೆಯ ಚಕ್ರಗಳ ಬಳಿ ಬಗ್ಗಿ ನೋಡಿ, ಪುಸ್ತಕದಲ್ಲಿ ಸಮಯ ಬರೆದು, ಕನ್ನಡಿಯ ಮೇಲಿನ ನೀರಹನಿ ಒರೆಸಿ ಹತ್ತಿದರು. ಅರಬೈಲು ಘಟ್ಟದಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿದ್ದ ನಮ್ಮ ಜತೆಯ ಹಿರಿಯರೊಬ್ಬರು ಮಾತ್ರ ಗೊಣಗದೆ ಕಿಟಕಿಯಿಂದ ಅದನ್ನೇ ನೋಡುತ್ತಿದ್ದರು. ಈ ಕಟ್ಟುನಿಟ್ಟಿನ ಹಿಂದೆ ದುಃಖವಿದೆ: 2016ರ ಜನವರಿ 15ರ ನಸುಕಿನಲ್ಲಿ ಕರುಯಿಜಾವಾ ಬಳಿ ಪ್ರವಾಸಿ ಬಸ್ಸೊಂದು ರಸ್ತೆಯಿಂದ ಉರುಳಿ 15 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು, ಆಮೇಲೆ ಬಾಡಿಗೆ ಬಸ್ಸಿನ ಪರವಾನಗಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕೆಂಬ ನಿಯಮ ಬಂತು. ಹಾಗಾಗಿ ದಿನಕ್ಕೆ ಎರಡೇ ಊರು, ಬೆಳಗ್ಗೆ ಎಂಟೂವರೆಗೆ ಹೊರಟು ಸಂಜೆ ಐದರೊಳಗೆ ತಂಗುವುದು ಎಂದು ಮನಸ್ಸಿಟ್ಟುಕೊಳ್ಳಿ.

ಬಾಡಿಗೆಯ ಲೆಕ್ಕವೂ ನಮ್ಮಂತೆ ಕಿಲೋಮೀಟರಿಗೆ ಇಷ್ಟು ಎಂದಲ್ಲ. ಸಮಯ ಮತ್ತು ದೂರ ಎರಡನ್ನೂ ಕೂಡಿಸಿ ಹಾಕುತ್ತಾರೆ; ಅದು ಶೆಡ್ಡಿನಿಂದ ಹೊರಟು ಶೆಡ್ಡಿಗೆ ಮರಳುವವರೆಗಿನ ಲೆಕ್ಕ, ಹೊರಡುವ ಮೊದಲು ಮತ್ತು ಮರಳಿದ ಮೇಲೆ ತಪಾಸಣೆಗೆ ಒಂದೊಂದು ಗಂಟೆಯೂ ಅದರಲ್ಲಿ ಸೇರುತ್ತದೆ. ಕನಜಾವಾದಲ್ಲಿ ನೀವು ಇಳಿದ ಮೇಲೆ ಖಾಲಿ ಬಸ್ಸು ನಾಗೋಯಾಕ್ಕೆ ಮರಳುವ ಹಣವೂ ನಿಮ್ಮದೇ. ಸರ್ಕಾರ ಕನಿಷ್ಠ ದರವನ್ನು ನಿಗದಿ ಮಾಡಿರುವುದರಿಂದ ಎಲ್ಲರಿಗಿಂತ ತೀರ ಅಗ್ಗ ಹೇಳುವವರನ್ನು ನಂಬಬೇಡಿ. ಟೋಲ್, ಪಾರ್ಕಿಂಗ್, ಚಾಲಕರ ವಸತಿ ಸೇರಿದೆಯೇ, ರದ್ದಾದರೆ ಎಷ್ಟು ಕಡಿತ ಎಂಬುದನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಿ. ಬಂದ ಬಸ್ಸಿನ ನಂಬರ್ ಪ್ಲೇಟ್ ಹಸಿರು ಬಣ್ಣದ್ದಾಗಿದ್ದು ಅಕ್ಷರಗಳು ಬಿಳಿಯಾಗಿರಬೇಕು. ಬಿಳಿಯ ಪ್ಲೇಟಿನ ಗಾಡಿ ಖಾಸಗಿಯದು, ಅದರಲ್ಲಿ ಚಾಲಕರನ್ನು ಕೊಟ್ಟು ಬಾಡಿಗೆಗೆ ಜನರನ್ನು ಒಯ್ಯುವುದು ಕಾನೂನುಬಾಹಿರ. ಚಾಲಕರಿಗೆ ಕೊನೆಯಲ್ಲಿ ಭಕ್ಷೀಸು ಕೊಡುವ ವಾಡಿಕೆ ಅಲ್ಲಿಲ್ಲ. ಊರಿನಿಂದ ಒಂದು ಸಣ್ಣ ಉಡುಗೊರೆ ಒಯ್ದರೆ ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಾರೆ.

ಹದಿನಾಲ್ಕು ಮಂದಿ ಎಂದೊಡನೆ ಏಜೆಂಟರು ಮೈಕ್ರೊಬಸ್ ಸೂಚಿಸುತ್ತಾರೆ. ಸೀಟು ಸಾಕಾಗುತ್ತದೆ, ಆದರೆ ಅದಕ್ಕೆ ಸಾಮಾನ್ಯವಾಗಿ ನೆಲದಡಿಯ ಡಿಕ್ಕಿ ಇರುವುದಿಲ್ಲ. ಹದಿನಾಲ್ಕು ದೊಡ್ಡ ಪೆಟ್ಟಿಗೆಗಳು ಹಿಂದಿನ ಸೀಟುಗಳನ್ನೆಲ್ಲ ಆಕ್ರಮಿಸುತ್ತವೆ. ಒಂದೋ ಡಿಕ್ಕಿ ಇರುವ ಅದಕ್ಕಿಂತ ದೊಡ್ಡ ಬಸ್ಸನ್ನು ಕೇಳಿ, ಇಲ್ಲವೇ ಬೆಟ್ಟದ ದಿನಗಳಿಗೆ ಕೈಚೀಲವನ್ನಷ್ಟೇ ಇಟ್ಟುಕೊಂಡು ಪೆಟ್ಟಿಗೆಗಳನ್ನು ಕ್ಯೋಟೊದ ಹೋಟೆಲಿನಿಂದಲೇ ಕನಜಾವಾದ ಹೋಟೆಲಿಗೆ ‘ತಕ್ಕ್ಯೂಬಿನ್’ ಎಂಬ ಸಾಗಣೆ ಸೇವೆಯಲ್ಲಿ ಕಳುಹಿಸಿಬಿಡಿ. ನಾನು ಎರಡನೆಯದನ್ನೇ ಮಾಡುತ್ತೇನೆ. ಬಸ್ಸಿನಲ್ಲಿ ಶೌಚಾಲಯ ಇರುತ್ತದೆಂದು ಎಣಿಸಬೇಡಿ. ಆದರೆ ದಾರಿಯುದ್ದಕ್ಕೂ ‘ಮಿಚಿ ನೊ ಎಕಿ’ ಎಂಬ ತಂಗುದಾಣಗಳಿವೆ. 1993ರಲ್ಲಿ ಆರಂಭವಾದ ಇವು ಈಗ ದೇಶದಲ್ಲಿ 1,200ಕ್ಕೂ ಹೆಚ್ಚು. ಶೌಚಾಲಯ ಸ್ವಚ್ಛವಾಗಿರುತ್ತದೆ, ಪಕ್ಕದಲ್ಲೇ ಸುತ್ತಲಿನ ರೈತರು ತಂದಿಟ್ಟ ತರಕಾರಿ, ಹಣ್ಣು, ಉಪ್ಪಿನಕಾಯಿಗಳ ಮಳಿಗೆ ಇರುತ್ತದೆ.

ಊಟದ ವಿಷಯದಲ್ಲಿ ತೊಂದರೆ ಇರುವುದು ಕಣ್ಣಿಗೆ ಕಾಣುವ ಮೀನಿನಲ್ಲಲ್ಲ, ಕಾಣದ ‘ದಾಶಿ’ಯಲ್ಲಿ. ಸಾರು, ಸಾಸ್, ಬೇಯಿಸಿದ ಸೊಪ್ಪು ಎಲ್ಲಕ್ಕೂ ಒಣಮೀನಿನ ಈ ತಿಳಿಸಾರನ್ನು ಹಾಕುತ್ತಾರೆ. ಕೊಂಬು ಎಂಬ ಕಡಲಪಾಚಿಯಿಂದ ಮಾಡಿದ ದಾಶಿಯಾದರೆ ನಿಮಗೆ ಅಡ್ಡಿಯಿಲ್ಲ. ತಂಗುವ ಮನೆಗಳಲ್ಲಿ ರಾತ್ರಿಯ ಊಟ ಮೊದಲೇ ನಿಶ್ಚಯವಾಗಿರುವುದರಿಂದ ಕೋಣೆ ಹಿಡಿಯುವಾಗಲೇ ಇದನ್ನೆಲ್ಲ ಹೇಳಬೇಕು, ಹೋಗಿ ಕುಳಿತ ಮೇಲೆ ಹೇಳಿದರೆ ಅವರಿಗೂ ಸಂಕಟ, ನಿಮಗೂ ಉಪವಾಸ. ಕೋಯಾಸಾನ್‌ನಲ್ಲಿ ಒಂದು ರಾತ್ರಿ ಕಳೆಯಿರಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಕೂಕಾಯ್ ಎಂಬ ಯತಿ 816ರಲ್ಲಿ ನೆಲೆಗೊಳಿಸಿದ ಆ ಬೆಟ್ಟದ ಮಠಗಳಲ್ಲಿ ಯಾತ್ರಿಗಳಿಗೆ ವಸತಿಯಿದೆ. ಅಲ್ಲಿಯ ‘ಶೋಜಿನ್’ ಊಟದಲ್ಲಿ ಮಾಂಸ, ಮೀನಿನೊಡನೆ ಈರುಳ್ಳಿ, ಬೆಳ್ಳುಳ್ಳಿಯೂ ವರ್ಜ್ಯ. ಎಳ್ಳಿನ ತೋಫು ಬಾಯಲ್ಲಿಟ್ಟರೆ ಕರಗುತ್ತದೆ. ‘ಗೊಮಾ’ ಎಂಬ ಅಗ್ನಿಕಾರ್ಯವನ್ನು ನೋಡುವ ಅವಕಾಶ ಸಿಕ್ಕಿದರೆ ನಿಮ್ಮ ಹಿರಿಯರಿಗೆ ಯಾರೂ ವಿವರಿಸಬೇಕಾಗಿಲ್ಲ, ನಮ್ಮ ಹೋಮವೇ ಶಬ್ದಸಹಿತ ಅಲ್ಲಿಗೆ ಹೋಗಿ ಗೊಮಾ ಆಗಿದೆ. ಬೆಟ್ಟದೂರುಗಳಲ್ಲಿ ‘ಕೊನ್ಯಾಕು’ ಕೊಟ್ಟರೆ ಹೆದರದೆ ತಿನ್ನಿ. ಅದನ್ನು ಮಾಡುವ ಗಡ್ಡೆ ನಮ್ಮ ಸುವರ್ಣಗಡ್ಡೆಯ ದಾಯಾದಿ.

ಪ್ರಶ್ನೆ: ಇಂಥ ಪ್ರವಾಸಕ್ಕೆ ನನ್ನ ತಾಯಿಯೂ ಬರುತ್ತಾರೆ. ಅವರಿಗೆ ಬಿಪಿ ಮಾತ್ರೆ ನಿತ್ಯ ಬೇಕು, ಊಟದ ಮೇಲೆ ಕವಳವೂ ಬೇಕು. ಎರಡನ್ನೂ ಒಯ್ಯಬಹುದೇ?
— ಓದುಗರು, ಕುಮಟಾ

ಉತ್ತರ: ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ಸ್ವಂತ ಬಳಕೆಗೆ ಒಂದು ತಿಂಗಳಿಗಾಗುವಷ್ಟು ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದು, ಚೀಟಿಯ ಪ್ರತಿ ಜತೆಗಿರಲಿ, ಪೆಟ್ಟಿಗೆಯಲ್ಲಿ ಹಾಕದೆ ಕೈಚೀಲದಲ್ಲಿಡಿ. ಶೀತ, ಕೆಮ್ಮಿನ ಔಷಧಗಳಲ್ಲಿ ಕೆಲವಕ್ಕೆ ಅಲ್ಲಿ ನಿರ್ಬಂಧವಿದೆ, ಕೋಡೀನ್ ಅಥವಾ ಸುಡೊಎಫೆಡ್ರಿನ್ ಇದೆಯೇ ಎಂದು ಮೊದಲೇ ಕೇಳಿ ತಿಳಿಯಿರಿ. ಹಸಿ ವೀಳ್ಯದೆಲೆ, ಹಸಿ ಅಡಿಕೆ, ಹಣ್ಣು, ತರಕಾರಿಗಳನ್ನು ಸಸ್ಯ ಆರೋಗ್ಯದ ಪ್ರಮಾಣಪತ್ರವಿಲ್ಲದೆ ಒಯ್ಯುವಂತಿಲ್ಲ. ಆ ಹತ್ತು ದಿನ ಊಟದ ಮೇಲೆ ಸೋಂಪು, ಲವಂಗ ಸಾಕೆಂದು ಅಮ್ಮನವರನ್ನು ಈಗಿನಿಂದಲೇ ಒಪ್ಪಿಸಿ.

ಪ್ರಶ್ನೆ: ನಾವು ಕಾರವಾರದ ಎಂಟು ಮಂದಿ, ಕಡಲತೀರದವರು, ಮೀನು ತಿನ್ನುವವರು. ಕನಜಾವಾದಲ್ಲಿ ಒಂದು ದಿನ ಉಳಿಯುತ್ತದೆ. ಆ ಒಂದು ದಿನಕ್ಕೆ ಮಾತ್ರ ಗಾಡಿ ಮಾಡಿಕೊಂಡು ಸಮುದ್ರ ನೋಡಬಹುದೇ?
— ಓದುಗರು, ಕಾರವಾರ

ಉತ್ತರ: ಎಂಟು ಮಂದಿಗೆ ಬಸ್ಸು ಬೇಡ. ಒಂಬತ್ತು ಮಂದಿ ಕೂರುವ ದೊಡ್ಡ ಟ್ಯಾಕ್ಸಿಗೆ ಅಲ್ಲಿ ಜಂಬೊ ಟ್ಯಾಕ್ಸಿ ಎನ್ನುತ್ತಾರೆ, ಅದು ಸಾಕು. ಕನಜಾವಾದ ಉತ್ತರಕ್ಕೆ ಚಿರಿಹಾಮಾ ಎಂಬಲ್ಲಿ ಸುಮಾರು 8 ಕಿಲೋಮೀಟರ್ ಉದ್ದಕ್ಕೆ ಮರಳಿನ ಮೇಲೆಯೇ, ಅಲೆಯ ಪಕ್ಕದಲ್ಲೇ ವಾಹನಗಳು ಓಡುತ್ತವೆ. ದೊಡ್ಡ ಬಸ್ಸುಗಳೂ ಹೋಗುತ್ತವೆ. ಟ್ಯಾಗೋರ್ ತೀರದ ಸಡಿಲ ಮರಳಿನಲ್ಲಿ ಬೈಕಿನ ಚಕ್ರ ಹೂತದ್ದನ್ನು ಎತ್ತಿ ಬಲ್ಲ ನಿಮಗೆ ನಂಬುವುದು ಕಷ್ಟ, ಆದರೆ ಅಲ್ಲಿಯ ಮರಳಿನ ಕಣ ಬಹಳ ಸಣ್ಣದು, ಸಮುದ್ರದ ನೀರು ಹೀರಿಕೊಂಡು ಒಂದಕ್ಕೊಂದು ಬಿಗಿದು ಕೂರುತ್ತದೆ. ಇಳಿದು ಹಿಮ್ಮಡಿಯಿಂದ ಒತ್ತಿ ನೋಡಿ.

ಅಲ್ಲಿಂದ ಮುಂದೆ ನೋಟೊ ಪರ್ಯಾಯದ್ವೀಪದ ತುದಿಯವರೆಗೂ ಹೋಗುವ ಆಸೆಯಿದ್ದರೆ ಸ್ವಲ್ಪ ಯೋಚಿಸಿ. 2024ರ ಜನವರಿ 1ರಂದು ಅಲ್ಲಿ 7.6 ತೀವ್ರತೆಯ ಭೂಕಂಪವಾಗಿ ವಾಜಿಮಾ ಊರಿನ ಹಳೆಯ ಸಂತೆಬೀದಿ ಬೆಂಕಿಗೆ ಆಹುತಿಯಾಯಿತು, ಅದೇ ಸೆಪ್ಟೆಂಬರ್‌ನಲ್ಲಿ ಭಾರೀ ಮಳೆಯ ನೆರೆಯೂ ಬಂತು. ಶಿರೂರಿನಲ್ಲಿ ಗುಡ್ಡ ಕುಸಿದ ವರ್ಷವೂ ಅದೇ ಆದುದರಿಂದ ಆ ಊರುಗಳ ಪಾಡು ನಮಗೆ ಹೇಳಿ ತಿಳಿಯಬೇಕಾದುದಲ್ಲ. ಹೋಗುವುದಾದರೆ ಕನಜಾವಾದ ಗಾಡಿಯವರಿಂದ ರಸ್ತೆಯ ಸ್ಥಿತಿಯನ್ನು ತಿಳಿದುಕೊಂಡು ಹೋಗಿ, ಅಲ್ಲಿಯ ಅಂಗಡಿಗಳಲ್ಲೇ ಊಟ ಮಾಡಿ, ಅಲ್ಲಿಯೇ ಏನನ್ನಾದರೂ ಕೊಳ್ಳಿ. ಮೀನಿಗೆ ಕನಜಾವಾದ ಓಮಿಚೊ ಮಾರುಕಟ್ಟೆ ಇದೆ. ನವೆಂಬರ್ 6ರಿಂದ ಆ ಸೀಮೆಯ ಏಡಿಯ ಕಾಲ ಶುರು. ಅಲೆ ಜೋರಾದ ದಿನ ಚಿರಿಹಾಮಾದ ಮರಳುದಾರಿಯನ್ನು ಮುಚ್ಚುತ್ತಾರೆ, ಆದ್ದರಿಂದ ಬೆಳಗ್ಗೆ ಹೊರಡುವ ಮೊದಲು ಚಾಲಕರನ್ನು ಕೇಳಿ, ಮುಚ್ಚಿದ್ದರೆ ಮಾರುಕಟ್ಟೆಗೆ ಮೊದಲು ಹೋಗಿ ಮಧ್ಯಾಹ್ನದ ಮೇಲೆ ಮತ್ತೊಮ್ಮೆ ವಿಚಾರಿಸಿ.