ಡೈಮೆನ್ಷನ್ ಅಂಕಿ ಕಾಣ್ತಿಲ್ಲ, ಸ್ಕೇಲ್ ಎಲ್ಲಿ ಹಾಕಲಿ?

ಪ್ರಶ್ನೆ: ಸಿವಿಲ್ ಡಿಪ್ಲೊಮಾ ಮುಗಿಸಿ ಒಬ್ಬ ಎಂಜಿನಿಯರ್ ಹತ್ತಿರ ಡ್ರಾಫ್ಟಿಂಗ್ ಕೆಲಸಕ್ಕೆ ಸೇರಿದ್ದೇನೆ ಸರ್. ಆಟೋಕ್ಯಾಡ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ 30×40 ಅಡಿ ಸೈಟಿನ ಮನೆ ಪ್ಲಾನ್ ಮಿಲಿಮೀಟರ್ ಲೆಕ್ಕದಲ್ಲಿ ಬರೆದೆ. ಡೈಮೆನ್ಷನ್ (ಅಳತೆ ತೋರಿಸುವ ಗೆರೆ, ಅಂಕಿ) ಕೊಟ್ಟರೆ ಗೆರೆ ಬರುತ್ತೆ, ಅಂಕಿ ಮಾತ್ರ ಕಾಣಲ್ಲ. ಸೀನಿಯರ್ ಬಂದು ಎಲ್ಲೋ 100 ಅಂತ ಹಾಕಿದರು, ಸರಿಹೋಯ್ತು. ಆಮೇಲೆ ಅದೇ ಹಾಳೆಗೆ ಟಾಯ್ಲೆಟ್ ಡೀಟೇಲನ್ನು 1:20ರಲ್ಲಿ ಹಾಕಿದೆ, ಅಲ್ಲಿ ಅಂಕಿ ರಾಕ್ಷಸನ ಹಾಗೆ ಕೂತಿದೆ. ಆ 100ನ್ನು 20 ಮಾಡಿದರೆ ಪ್ಲಾನಿನ ಅಂಕಿ ಮತ್ತೆ ಮಾಯ. ಏನು ಮಾಡಲಿ?
(ಚಿತ್ರದುರ್ಗದಿಂದ ಓದುಗರು)

ಉತ್ತರ: ಮೊದಲು ಕಾಗದ ನೋಡಿ, ಆಮೇಲೆ ಸ್ಕ್ರೀನ್. ಮನೆಯನ್ನು ಯಾವಾಗಲೂ ಅದರ ನಿಜ ಅಳತೆಯಲ್ಲೇ ಬರೆಯುತ್ತೀರಿ, 30 ಅಡಿ ಅಂದರೆ 9144 ಮಿ.ಮೀ. ಅದು ಬದಲಾಗಲ್ಲ. ಪ್ರಿಂಟ್ ತೆಗೆದಾಗ ಅಂಕಿ ಎಷ್ಟು ಎತ್ತರ ಕಾಣಬೇಕು ಅನ್ನೋದು ಬೇರೆ ವಿಷಯ, ಡೈಮೆನ್ಷನ್ ಸ್ಟೈಲ್ ಇರೋದೇ ಅದಕ್ಕೆ.

ನಿಮ್ಮ ಫೈಲ್ ಐಎಸ್ಒ (ಅಂತರರಾಷ್ಟ್ರೀಯ ಮಾನದಂಡ) ಟೆಂಪ್ಲೇಟಿನಿಂದ, ಅಂದರೆ ಮೊದಲೇ ಸಿದ್ಧ ಮಾಡಿಟ್ಟ ಖಾಲಿ ಫೈಲಿನಿಂದ ಶುರುವಾಗಿರಬೇಕು. ಅದರಲ್ಲಿ ಐಎಸ್ಒ-25 ಅನ್ನೋ ಸ್ಟೈಲ್ ಇರುತ್ತದೆ, ಅಂಕಿಯ ಎತ್ತರ 2.5. ಒಂಬತ್ತು ಮೀಟರ್ ಅಗಲದ ಪ್ಲಾನಿನಲ್ಲಿ ಎರಡೂವರೆ ಮಿಲಿಮೀಟರ್ ಅಂಕಿ ಹೇಗೆ ಕಾಣಬೇಕು ಹೇಳಿ? ನಿಮ್ಮ ಸೀನಿಯರ್ ಆ ಸ್ಟೈಲಿನ ಫಿಟ್ ಟ್ಯಾಬಿನಲ್ಲಿ ‘ಯೂಸ್ ಓವರಾಲ್ ಸ್ಕೇಲ್ ಆಫ್’ ಮುಂದೆ 100 ಹಾಕಿದ್ದಾರೆ. ಅಂಕಿ, ಬಾಣ, ಗೆರೆಗಳ ನಡುವಿನ ಜಾಗ ಎಲ್ಲವೂ ನೂರು ಪಟ್ಟು ಆಯ್ತು. 2.5 ಇದ್ದದ್ದು 250. 1:100ರಲ್ಲಿ ಪ್ರಿಂಟ್ ಮಾಡಿದರೆ ಕಾಗದದ ಮೇಲೆ ಮತ್ತೆ 2.5ಕ್ಕೆ ಬಂದು ನಿಲ್ಲುತ್ತದೆ. ಇಲ್ಲಿಯವರೆಗೆ ಲೆಕ್ಕ ಸರಿ.

ಟಾಯ್ಲೆಟ್‌ಗೆ ಬನ್ನಿ. ಅದೇ 250 ಎತ್ತರದ ಅಂಕಿ 1:20ರಲ್ಲಿ ಕಾಗದಕ್ಕೆ ಇಳಿದರೆ 12.5 ಮಿ.ಮೀ. ಟಾಯ್ಲೆಟ್ ಅಗಲ 1200 ಅಂತ ಇಟ್ಟುಕೊಳ್ಳಿ, ಕಾಗದದಲ್ಲಿ ಬರೋದೇ 60 ಮಿ.ಮೀ. ‘1200’ ಅನ್ನೋ ನಾಲ್ಕು ಅಂಕಿಗೇ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಹೋಯ್ತು. ರಾಕ್ಷಸ ಹುಟ್ಟಿದ್ದು ಹೀಗೆ.

ದಾರಿ ಎರಡು. ಹಳೆಯದು, ಸ್ಕೇಲಿಗೊಂದು ಸ್ಟೈಲ್. ‘ಡಿ’ ಒತ್ತಿ ಎಂಟರ್ ಕೊಟ್ಟರೆ ಡೈಮೆನ್ಷನ್ ಸ್ಟೈಲ್ ಮ್ಯಾನೇಜರ್ ತೆರೆಯುತ್ತದೆ, ‘ನ್ಯೂ’ ಒತ್ತಿ ‘ಪ್ಲಾನ್-100’, ‘ಡೀಟೇಲ್-20’ ಅಂತ ಎರಡು ಮಾಡಿಕೊಳ್ಳಿ, ಓವರಾಲ್ ಸ್ಕೇಲ್ ಒಂದಕ್ಕೆ 100, ಇನ್ನೊಂದಕ್ಕೆ 20, ಉಳಿದದ್ದೆಲ್ಲ ಎರಡರಲ್ಲೂ ಒಂದೇ. ಎರಡನೆಯದು ಅನೋಟೇಟಿವ್, ಅಂದರೆ ಆರಿಸಿದ ಸ್ಕೇಲಿಗೆ ತಕ್ಕಂತೆ ಅಂಕಿಯ ಗಾತ್ರವನ್ನು ಸಾಫ್ಟ್‌ವೇರೇ ಹೊಂದಿಸುವುದು, ಆಟೋಕ್ಯಾಡ್ 2008ರಿಂದ ಇದೆ. ಫಿಟ್ ಟ್ಯಾಬಿನಲ್ಲೇ ಅದಕ್ಕೊಂದು ಟಿಕ್ ಬಾಕ್ಸ್. ಟಿಕ್ ಹಾಕಿದ ಮೇಲೆ ಕೆಳಗಿನ ಸ್ಟೇಟಸ್ ಬಾರ್‌ನಲ್ಲಿ 1:100 ಆರಿಸಿ ಪ್ಲಾನಿಗೆ ಡೈಮೆನ್ಷನ್ ಕೊಡಿ, 1:20 ಆರಿಸಿ ಡೀಟೇಲಿಗೆ ಕೊಡಿ. ಲೇಔಟ್‌ನಲ್ಲಿ (ಪ್ರಿಂಟಿಗೆ ಹೋಗುವ ಹಾಳೆ) 1:20ರ ವ್ಯೂಪೋರ್ಟ್ (ಆ ಹಾಳೆಯಲ್ಲಿ ಡ್ರಾಯಿಂಗ್ ತೋರಿಸುವ ಕಿಟಕಿ) ತನ್ನ ಸ್ಕೇಲಿನ ಡೈಮೆನ್ಷನ್ ಮಾತ್ರ ತೋರಿಸುತ್ತದೆ. ಸ್ಟೇಟಸ್ ಬಾರ್‌ನಲ್ಲಿ ಸ್ಕೇಲಿನ ಪಕ್ಕದಲ್ಲೇ, ಸ್ಕೇಲ್ ಬದಲಾದಾಗ ಅದನ್ನು ಡೈಮೆನ್ಷನ್‌ಗಳಿಗೆ ತಾನಾಗೇ ಸೇರಿಸುವ ಬಟನ್ ಒಂದಿದೆ, ಅದನ್ನು ಆಫ್ ಮಾಡಿಡಿ. ಇಲ್ಲದಿದ್ದರೆ ಸುಮ್ನೆ ಸ್ಕೇಲ್ ಬದಲಿಸಿ ನೋಡಿದರೂ ಎಲ್ಲ ಡೈಮೆನ್ಷನ್‌ಗಳಿಗೂ ಆ ಸ್ಕೇಲ್ ಅಂಟಿಕೊಳ್ಳುತ್ತದೆ, ಆಮೇಲೆ ಒಂದನ್ನು ಮುಟ್ಟಿದರೆ ಅದರ ನೆರಳು ನಾಲ್ಕು ಕಾಣುತ್ತವೆ. ವ್ಯೂಪೋರ್ಟಿಗೆ ಲಾಕ್ ಹಾಕೋದನ್ನೂ ಮರೆಯಬೇಡಿ, ಒಳಗೆ ಹೋಗಿ ಮೌಸ್ ಚಕ್ರ ಒಮ್ಮೆ ತಿರುಗಿಸಿದರೂ ಸ್ಕೇಲ್ ಹೋಯ್ತು ಅಂತಲೇ ಲೆಕ್ಕ.

ಯಾವುದು ಒಳ್ಳೇದು ಅಂತ ಕೇಳಿದರೆ, ಫೈಲ್ ನಿಮ್ಮ ಕೈಯಲ್ಲೇ ಇರುತ್ತೆ ಅನ್ನೋದಾದರೆ ಅನೋಟೇಟಿವ್. ಸ್ಟ್ರಕ್ಚರಲ್‌ನವರು, ಪ್ಲಂಬಿಂಗ್‌ನವರು, ಬೇರೆ ಬೇರೆ ಸಾಫ್ಟ್‌ವೇರ್ ಇಟ್ಟುಕೊಂಡವರ ಕೈಗೆಲ್ಲ ಹೋಗುವ ಫೈಲಾದರೆ ನಾನು ಸ್ಕೇಲಿಗೊಂದು ಸ್ಟೈಲ್ ಅಂತಲೇ ಹೇಳುತ್ತೇನೆ. ಸ್ಟೈಲಿನ ಹೆಸರು ನೋಡಿದರೆ ಯಾರಿಗಾದರೂ ಅರ್ಥವಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಅಂಕಿಯ ಎತ್ತರ ಬದಲಾಗದಿದ್ದರೆ ಟೆಕ್ಸ್ಟ್ ಸ್ಟೈಲ್ ನೋಡಿ. ಅಲ್ಲಿ ಹೈಟ್ 0 ಇರಬೇಕು. ಯಾರೋ ಅಲ್ಲೇ 200 ಅಂತ ಹಾಕಿಟ್ಟಿದ್ದರೆ ಡೈಮೆನ್ಷನ್ ಸ್ಟೈಲ್ ಎಷ್ಟು ಹೇಳಿದರೂ ಅದು ಕೇಳಲ್ಲ.

ಪ್ರಶ್ನೆ: ಆಫೀಸಿನಲ್ಲಿ ಮಿಲಿಮೀಟರ್, ಸೈಟಿನಲ್ಲಿ ಮೇಸ್ತ್ರಿಗೆ ಅಡಿ-ಇಂಚು ಬೇಕು. ಡೈಮೆನ್ಷನ್ ಯೂನಿಟ್ಟನ್ನು ಆರ್ಕಿಟೆಕ್ಚರಲ್ ಅಂತ ಬದಲಿಸಿದರೆ 30 ಅಡಿ ಸೈಟು 762 ಅಡಿ ಅಂತ ತೋರಿಸುತ್ತಿದೆ!
(ತುಮಕೂರಿನಿಂದ ಓದುಗರು)

ಉತ್ತರ: ಅಷ್ಟು ದೊಡ್ಡ ಸೈಟು ಸಿಕ್ಕರೆ ಬಿಡಬೇಡಿ. ಆರ್ಕಿಟೆಕ್ಚರಲ್ ಅಂದ ಕೂಡಲೇ ಆಟೋಕ್ಯಾಡ್ ಒಂದು ಯೂನಿಟ್ ಅಂದರೆ ಒಂದು ಇಂಚು ಅಂದುಕೊಳ್ಳುತ್ತದೆ. ನಿಮ್ಮ 9144 ಮಿಲಿಮೀಟರನ್ನು 9144 ಇಂಚು ಅಂತ ಓದಿ, 12ರಿಂದ ಭಾಗಿಸಿ 762 ಕೊಟ್ಟಿದೆ. ಪ್ರೈಮರಿ ಯೂನಿಟ್ಸ್ ಟ್ಯಾಬಿನಲ್ಲಿ ‘ಸ್ಕೇಲ್ ಫ್ಯಾಕ್ಟರ್’ ಅಂತ ಇದೆ, ಅಲ್ಲಿ 0.03937008 ಹಾಕಿ. ಒಂದನ್ನು 25.4ರಿಂದ ಭಾಗಿಸಿದರೆ ಬರೋದು ಇದೇ. 30 ಅಡಿ ಸರಿಯಾಗಿ ಬರುತ್ತದೆ.

ಜಾಸ್ತಿ ಜನ ಎಡವೋದು ಇಲ್ಲೇ. ಫಿಟ್ ಟ್ಯಾಬಿನ ಸ್ಕೇಲ್ ಅಕ್ಷರದ ಗಾತ್ರ ಬದಲಿಸುತ್ತದೆ, ಅಳತೆ ಮುಟ್ಟಲ್ಲ. ಪ್ರೈಮರಿ ಯೂನಿಟ್ಸ್‌ನ ಸ್ಕೇಲ್ ಅಳತೆಯನ್ನೇ ಗುಣಿಸುತ್ತದೆ, ಗಾತ್ರ ಮುಟ್ಟಲ್ಲ. ಅಂಕಿ ಸಣ್ಣಗಿದೆ ಅಂತ ಯಾರಾದರೂ ಎರಡನೆಯದರಲ್ಲಿ 100 ಹಾಕಿದರೆ 900ರ ಬಾಗಿಲು 90000 ಆಗುತ್ತದೆ. ಅದಾದರೂ ಪರವಾಗಿಲ್ಲ, ಕಣ್ಣಿಗೆ ಬೀಳುತ್ತೆ. 2 ಹಾಕಿದರೆ 1800 ಅಂತ ಬರುತ್ತೆ, ಯಾರಿಗೂ ಗೊತ್ತಾಗಲ್ಲ, ಎರಡು ರೆಕ್ಕೆಯ ಬಾಗಿಲು ಅಂದುಕೊಂಡು ಕಟ್ಟಿಬಿಡುತ್ತಾರೆ. ಬೇರೆಯವರ ಫೈಲ್ ತೆರೆದ ಕೂಡಲೇ ಗೊತ್ತಿರುವ ಒಂದು ಅಳತೆಯನ್ನು ಡಿಸ್ಟೆನ್ಸ್ ಕಮ್ಯಾಂಡ್‌ನಲ್ಲಿ ಅಳೆದು ಡೈಮೆನ್ಷನ್ ಜೊತೆ ತಾಳೆ ನೋಡಿ.

ಪ್ರಿಸಿಷನ್ ಅರ್ಧ ಇಂಚಿಗೆ ಇಡಿ. 1/16ಕ್ಕೆ ಇಟ್ಟರೆ 230ರ ಗೋಡೆ 9 1/16 ಇಂಚು ಅಂತ ಬರುತ್ತದೆ, ಒಂಬತ್ತಿಂಚು ಗೋಡೆಗೆ ಇದೇನು ಸ್ವಾಮಿ ಅಂತ ಮೇಸ್ತ್ರಿ ಕೇಳುತ್ತಾರೆ. ಅರ್ಧ ಇಂಚಿಗೆ ಇಟ್ಟರೆ 230ಕ್ಕೆ 9, 115ಕ್ಕೆ ನಾಲ್ಕೂವರೆ, ಅವರಿಗೆ ಗೊತ್ತಿರುವ ಲೆಕ್ಕವೇ. ಎರಡೂ ಒಟ್ಟಿಗೆ ಬೇಕಿದ್ದರೆ ಸ್ಕೇಲ್ ಫ್ಯಾಕ್ಟರನ್ನು 1ಕ್ಕೇ ಬಿಟ್ಟು, ಆಲ್ಟರ್ನೇಟ್ ಯೂನಿಟ್ಸ್ ಟ್ಯಾಬಿನಲ್ಲಿ ಆರ್ಕಿಟೆಕ್ಚರಲ್ ಆರಿಸಿ ಅದೇ 0.03937008 ಕೊಡಿ. ಮಿಲಿಮೀಟರ್ ಪಕ್ಕದಲ್ಲಿ ಅಡಿ-ಇಂಚು ಬರುತ್ತದೆ. ಸಣ್ಣ ರೂಮುಗಳಲ್ಲಿ ಮಾತ್ರ ಇಕ್ಕಟ್ಟಾಗುತ್ತದೆ, ಅದಕ್ಕೇ ಸೈಟಿಗೆ ಬೇರೆ ಹಾಳೆ ಕೊಡೋದು ವಾಸಿ.

ಪ್ರಶ್ನೆ: ನಮ್ಮಲ್ಲಿ ಎ2 ಡ್ರಾಯಿಂಗನ್ನು ಎ3ಗೆ ಕುಗ್ಗಿಸಿ ಪ್ರಿಂಟ್ ಕೊಡುತ್ತಾರೆ. ಅಂಕಿ ಓದಲು ಕಷ್ಟ.
(ಹಾಸನದಿಂದ ಓದುಗರು)

ಉತ್ತರ: ಎ2ನಲ್ಲಿ 3.5 ಎತ್ತರ ಇಡಿ. ಐಎಸ್ಒ ಅಕ್ಷರದ ಎತ್ತರಗಳು 1.8, 2.5, 3.5, 5, 7 ಅಂತ ಹೋಗೋದು ಸುಮ್ನೆ ಅಲ್ಲ, ಕಾಗದದ ಗಾತ್ರ ಒಂದು ಮೆಟ್ಟಿಲು ಇಳಿದರೆ ಅಕ್ಷರವೂ ಒಂದು ಮೆಟ್ಟಿಲು ಇಳಿಯುತ್ತದೆ. 3.5 ಇದ್ದದ್ದು ಎ3ನಲ್ಲಿ 2.5 ಆಗುತ್ತದೆ, ಓದಬಹುದು. ಆದರೆ 1:100 ಅಂತ ಬರೆದದ್ದು ಆ ಪ್ರಿಂಟಿನಲ್ಲಿ ಸುಮಾರು 1:141 ಆಗಿರುತ್ತದೆ, ಅದರ ಮೇಲೆ ಸ್ಕೇಲ್ ಇಟ್ಟು ಅಳೆಯುವ ಹಾಗಿಲ್ಲ. ಬರೆದ ಅಂಕಿ ಮಾತ್ರ ನಂಬಿ.

ಪ್ರಶ್ನೆ: ಗೆಳೆಯನ ಫೈಲಿನಿಂದ ಕಾಪಿ ಮಾಡಿದ ಡೈಮೆನ್ಷನ್ ನನ್ನ ಫೈಲಿಗೆ ಬಂದ ಕೂಡಲೇ ದಪ್ಪಗಾಯ್ತು. ಯಾಕೆ?
(ಶಿರಸಿಯಿಂದ ಓದುಗರು)

ಉತ್ತರ: ಇಬ್ಬರ ಸ್ಟೈಲಿಗೂ ಒಂದೇ ಹೆಸರಿರಬೇಕು, ಬಹುಶಃ ಐಎಸ್ಒ-25 ಅಥವಾ ಸ್ಟ್ಯಾಂಡರ್ಡ್. ಹೆಸರು ಒಂದೇ ಆದರೆ ಪೇಸ್ಟ್ ಮಾಡಿದ ಫೈಲಿನದ್ದೇ ನಡೆಯೋದು. ಬಂದ ಸ್ಟೈಲ್ ತನ್ನ ಗುಣ ಬಿಟ್ಟು ನಿಮ್ಮದನ್ನೇ ಹಾಕಿಕೊಳ್ಳುತ್ತದೆ. ಅದಕ್ಕೇ ಆಟೋಕ್ಯಾಡ್ ಜೊತೆಗೇ ಬಂದ ಸ್ಟೈಲನ್ನು ತಿದ್ದಬೇಡಿ, ನಿಮ್ಮದೇ ಹೆಸರಿನದ್ದು ಒಂದು ಮಾಡಿಕೊಂಡು ಟೆಂಪ್ಲೇಟ್ ಫೈಲಾಗಿ ಸೇವ್ ಮಾಡಿ, ಹೊಸ ಕೆಲಸವನ್ನೆಲ್ಲ ಅದರಿಂದಲೇ ಶುರು ಮಾಡಿ. ಈಗ ಗೆಳೆಯನ ಸ್ಟೈಲೇ ಬೇಕು ಅಂದರೆ, ಅವನ ಫೈಲಿನಲ್ಲಿ ಆ ಸ್ಟೈಲಿನ ಹೆಸರು ಬದಲಿಸಿ, ಆಮೇಲೆ ಕಾಪಿ ಮಾಡಿ. ಐಎಸ್ಒ-25ರ ಹೆಸರು ಬದಲಾಗುತ್ತದೆ, ಸ್ಟ್ಯಾಂಡರ್ಡ್ ಅನ್ನೋದು ಹಠ ಮಾಡಿದರೆ ಅದರಿಂದ ಹೊಸ ಸ್ಟೈಲ್ ಮಾಡಿ, ಡೈಮೆನ್ಷನ್‌ಗಳನ್ನೆಲ್ಲ ಸೆಲೆಕ್ಟ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಅದಕ್ಕೆ ಬದಲಿಸಿ.