ಡೇಟಾಬೇಸ್ ಸರ್ವರ್ ಓಡ್ತಿದೆ ಅಂತ ತೋರಿಸುತ್ತೆ, ಆದ್ರೆ ಬಿಲ್ ಆಗ್ತಿಲ್ಲ. ಹೇಗೆ ಚೆಕ್ ಮಾಡೋದು?

ಲಿನಕ್ಸ್‌ನಲ್ಲಿ ಸರ್ವಿಸ್‌ಗಳ ಸ್ಥಿತಿ ತೋರಿಸುವ ‘ಸಿಸ್ಟಂಸಿಟಿಎಲ್ ಸ್ಟೇಟಸ್’ ಕಮಾಂಡ್‌ನಲ್ಲಿ ಹಸಿರು ಬಣ್ಣದ ‘ಆಕ್ಟಿವ್’ ಬರುತ್ತೆ, ಬಿಲ್ಲಿಂಗ್ ಸ್ಕ್ರೀನ್ ಮಾತ್ರ ಸುತ್ತುತ್ತಲೇ ಇದೆ ಎಂದಿದ್ದೀರಿ. ಆ ಹಸಿರು ಹೇಳುವುದು ಪ್ರೋಸೆಸ್, ಅಂದರೆ ಆ ಪ್ರೋಗ್ರಾಂ, ಓಡುತ್ತಿದೆ ಎಂದಷ್ಟೇ. ಶಟರ್ ಎತ್ತಿದೆ, ಗಲ್ಲಾ ಮುಂದೆ ಯಾರೂ ಇಲ್ಲ ಅನ್ನೋ ಹಾಗೆ.

ನಿಮ್ಮ ಡೇಟಾಬೇಸ್ ಮೈಎಸ್‌ಕ್ಯೂಎಲ್ ಆಗಿದ್ದರೆ, ಸರ್ವರ್ ಉತ್ತರಿಸುತ್ತಾ ಎಂದು ನೋಡುವ ‘ಮೈಎಸ್‌ಕ್ಯೂಎಲ್‌ಅಡ್ಮಿನ್ ಪಿಂಗ್’ ಕಮಾಂಡ್ ಮೊದಲು ಹಾಕಿ. ‘ಅಲೈವ್’ ಅಂತ ಬಂದರೆ ಸರ್ವರ್ ಎದ್ದಿದೆ. ಸ್ಕ್ರಿಪ್ಟ್‌ನಲ್ಲಿ ಬಳಸುವುದಾದರೆ ಒಂದು ವಿಷಯ: ಪಾಸ್‌ವರ್ಡ್ ತಪ್ಪಾಗಿ ‘ಆಕ್ಸೆಸ್ ಡಿನೈಡ್’ ಬಂದರೂ ಎಕ್ಸಿಟ್ ಕೋಡ್ (ಕಮಾಂಡ್ ಮುಗಿದಾಗ ಕೊಡುವ ಸಂಖ್ಯೆ) 0, ಅಂದರೆ ‘ಸರಿ’ ಎಂದೇ ಇರುತ್ತದೆ. ಒಳಗೆ ಬಿಡಲ್ಲ ಅನ್ನೋಕೂ ಸರ್ವರ್ ಎದ್ದಿರಬೇಕು, ಅಲ್ವಾ? ಮೈಎಸ್‌ಕ್ಯೂಎಲ್ ಬದಲು ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದ್ದರೆ ಇದೇ ಕೆಲಸಕ್ಕೆ ‘ಪಿಜಿ ಈಸ್‌ರೆಡಿ’ ಕಮಾಂಡ್ ಇದೆ. ಅದು 0 ಕೊಟ್ಟರೆ ಸರಿ, 1 ಕೊಟ್ಟರೆ ಸರ್ವರ್ ಈಗಷ್ಟೇ ಏಳುತ್ತಿರಬಹುದು, 2 ಕೊಟ್ಟರೆ ಉತ್ತರವೇ ಇಲ್ಲ.

ಈ ಪಿಂಗನ್ನು ಬಿಲ್ ಹಾಕುವ ಕಂಪ್ಯೂಟರ್‌ನಿಂದಲೇ, ಸರ್ವರ್‌ನ ಐಪಿ ಕೊಟ್ಟು ಹಾಕಿ. ಸರ್ವರ್ ಮುಂದೆ ಕೂತು ‘ಲೋಕಲ್‌ಹೋಸ್ಟ್’ (ಇದೇ ಕಂಪ್ಯೂಟರ್) ಎಂದು ಕೊಟ್ಟರೆ ಲಿನಕ್ಸ್‌ನಲ್ಲಿ ಅದು ನೆಟ್‌ವರ್ಕ್ ಬಿಟ್ಟು ಸಾಕೆಟ್ ಫೈಲ್ ಮೂಲಕ ಹೋಗುತ್ತದೆ. ಮೈಎಸ್‌ಕ್ಯೂಎಲ್‌ನ ನೆಟ್‌ವರ್ಕ್ ಬಾಗಿಲಾದ 3306 ಪೋರ್ಟ್ ಬ್ಲಾಕ್ ಆಗಿದ್ದರೂ ಗೊತ್ತಾಗುವುದಿಲ್ಲ.

ಇದೆಲ್ಲ ಸರಿ ಇದ್ದೂ ಬಿಲ್ ನಿಲ್ಲಬಹುದು. ನಾನು ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿಯ ಬಿಲ್ಲಿಂಗ್ ನೋಡಿಕೊಳ್ಳುತ್ತೇನೆ. ಸೀಸನ್ನಿನಲ್ಲಿ ಹರಾಜು ನಡೆಯುವಾಗಲೇ ಒಮ್ಮೆ ಹೀಗಾಯಿತು. ಪಿಂಗ್ ಸರಿ, ‘ಸೆಲೆಕ್ಟ್ 1’ ಎಂಬ ಸಣ್ಣ ಪರೀಕ್ಷಾ ಕ್ವೆರಿಯೂ ಸರಿ, ಹಳೇ ಬಿಲ್ ತೆಗೆದರೆ ಬರುತ್ತದೆ. ಹೊಸದು ಮಾತ್ರ 50 ಸೆಕೆಂಡ್ ಕಾದು ‘ಲಾಕ್ ವೇಟ್ ಟೈಮ್‌ಔಟ್’ ಅನ್ನುತ್ತದೆ, ಅಂದರೆ ಬೇರೆ ಯಾರೋ ಹಿಡಿದಿರುವ ಸಾಲಿಗಾಗಿ ಕಾದು ಸಮಯ ಮುಗಿಯಿತು ಎಂದು. ಆ 50 ಇನೊಡಿಬಿಯ (ಮೈಎಸ್‌ಕ್ಯೂಎಲ್ ಒಳಗೆ ಡೇಟಾ ಇಡುವ ಭಾಗ) ಡೀಫಾಲ್ಟ್. ‘ಆಫ್ ಮಾಡಿ ಆನ್ ಮಾಡಪ್ಪಾ’ ಅಂದರು ಮಾಲೀಕರು. ಮಾಡಿದ್ದರೆ ಸರಿಹೋಗುತ್ತಿತ್ತು, ಕಾರಣ ಮಾತ್ರ ಸಿಗುತ್ತಿರಲಿಲ್ಲ. ಒಬ್ಬ ಗುಮಾಸ್ತರ ಕಂಪ್ಯೂಟರ್‌ನಲ್ಲಿ ಟ್ರಾನ್ಸಾಕ್ಷನ್ (ಒಟ್ಟಿಗೆ ಉಳಿಸಬೇಕಾದ ಬದಲಾವಣೆಗಳು) ಕಮಿಟ್ ಆಗದೆ, ಅಂದರೆ ಪಕ್ಕಾ ಆಗದೆ ಉಳಿದು, ಬಿಲ್ ನಂಬರ್ ಇಡುವ ಸಾಲನ್ನೇ ಹಿಡಿದುಕೊಂಡಿತ್ತು. ಅವರು ಟೀಗೆ ಹೋಗಿದ್ದರು! ಕನೆಕ್ಷನ್‌ಗಳ ಪಟ್ಟಿ ಕೊಡುವ ‘ಶೋ ಪ್ರೋಸೆಸ್‌ಲಿಸ್ಟ್’ನಲ್ಲಿ ಇಂಥದ್ದು ಸುಮ್ನೆ ‘ಸ್ಲೀಪ್’ ಅಂತ ಕಾಣುತ್ತದೆ, ಅನುಮಾನವೇ ಬರುವುದಿಲ್ಲ. ಹಾಗಾಗಿ ಇನ್ಫರ್ಮೇಷನ್ ಸ್ಕೀಮಾದ ‘ಇನೊಡಿಬಿ ಟಿಆರ್‌ಎಕ್ಸ್’ ಟೇಬಲ್ ನೋಡಿ. ಯಾವ ಟ್ರಾನ್ಸಾಕ್ಷನ್ ಯಾವಾಗ ಶುರುವಾಯಿತು, ಅದರ ಥ್ರೆಡ್ (ಕನೆಕ್ಷನ್) ನಂಬರ್ ಏನು ಎಂದು ಅಲ್ಲಿರುತ್ತದೆ. ಹಳೆಯದನ್ನು ಆ ನಂಬರ್ ಕೊಟ್ಟು ‘ಕಿಲ್’ ಮಾಡಿ. ನಿಮ್ಮದೂ ಇದೇ ಇರಬಹುದು ಅನ್ನಿಸುತ್ತೆ.

ಮುಂದಕ್ಕೆ, ಬರೆದು ನೋಡುವ ಚೆಕ್ ಇಟ್ಟುಕೊಳ್ಳಿ. ಒಂದೇ ಸಾಲಿನ ಟೇಬಲ್, ನಿಮಿಷಕ್ಕೊಮ್ಮೆ ಅದರಲ್ಲಿ ಟೈಮ್ ಅಪ್‌ಡೇಟ್ ಮಾಡುವ ಸ್ಕ್ರಿಪ್ಟ್, ಅದಕ್ಕೇ ಬೇರೆ ಯೂಸರ್. ಡಿಸ್ಕ್ ತುಂಬಿದರೆ ಮೈಎಸ್‌ಕ್ಯೂಎಲ್ ಎರರ್ ಕೊಡದೆ ಜಾಗಕ್ಕಾಗಿ ಕಾಯುತ್ತಾ ಕೂರಬಹುದು, ಆಗ ಪಿಂಗ್‌ಗೆ ಏನೂ ತಿಳಿಯುವುದಿಲ್ಲ. ಕಮಾಂಡ್ ಮುಂದೆ ‘ಟೈಮ್‌ಔಟ್ 5’ (ಐದು ಸೆಕೆಂಡ್‌ಗೆ ನಿಲ್ಲಿಸು) ಸೇರಿಸಿ, ಇಲ್ಲದಿದ್ದರೆ ಸ್ಕ್ರಿಪ್ಟೂ ಅದರ ಜೊತೆ ಕಾಯುತ್ತದೆ. ಬೇರೆ ಟೇಬಲ್‌ನ ಲಾಕ್ ಇದರಿಂದ ಸಿಗುವುದಿಲ್ಲ, ಅದಕ್ಕೆ ಮೇಲೆ ಹೇಳಿದ ‘ಇನೊಡಿಬಿ ಟಿಆರ್‌ಎಕ್ಸ್’ ಟೇಬಲ್ಲೇ ಬೇಕು.

‘ಟೂ ಮೆನಿ ಕನೆಕ್ಷನ್ಸ್’ ಅಂತ ಬಂದರೆ ಕಥೆ ಬೇರೆ. ಡೀಫಾಲ್ಟ್ ಮಿತಿ 151. ಅದನ್ನು ಏರಿಸುವ ಮೊದಲು ನಿಮ್ಮ ಸಾಫ್ಟ್‌ವೇರ್ ಕನೆಕ್ಷನ್ ಮುಚ್ಚುತ್ತಿದೆಯಾ ನೋಡಿ.